ಕಲ್ಲುಗುಡ್ಡದಲ್ಲಿ ಯಾವ ಪ್ರಾಣಿಯೂ ಇಲ್ಲವೇ?

ಪ್ರಶ್ನೆ: ಮೇಲುಕೋಟೆ ಕಡೆಯ ನಮ್ಮೂರ ಗುಡ್ಡದಲ್ಲಿ ಕ್ವಾರಿಗೆ ಅರ್ಜಿ ಹಾಕಿದ್ದಾರೆ. ‘ಗಮನಾರ್ಹ ವನ್ಯಜೀವಿಗಳಿಲ್ಲ’ ಎಂದು ಪರಿಸರ ವರದಿ ಹೇಳುತ್ತದೆ. ನಾವು ಚಿರತೆ ಕಂಡಿದ್ದೇವೆ. ವರದಿಯನ್ನು ಹೇಗೆ ಪರಿಶೀಲಿಸಬೇಕು?
– ಓದುಗರೊಬ್ಬರು, ಪಾಂಡವಪುರ ತಾಲ್ಲೂಕು

ಉತ್ತರ: ಮೊದಲು ಸಮೀಕ್ಷೆ ನಡೆದ ತಿಂಗಳು ಮತ್ತು ಹೊತ್ತನ್ನು ನೋಡಿ. ಬೇಸಿಗೆಯ ಎರಡು ಹಗಲು ತಿರುಗಾಡಿದವರಿಗೆ ಚಿರತೆ, ಮುಳ್ಳುಹಂದಿ, ಕೊಂಬಿನ ಗೂಬೆ ಯಾವುದೂ ಕಾಣದು. ಬಂಡೆಗುಳಿಗಳ ಕಪ್ಪೆಗಳಂತೂ ಮಳೆಗಾಲದಲ್ಲೇ ಸಿಗಬೇಕು. ಕಾಣದ್ದನ್ನು ‘ಇಲ್ಲ’ ಎಂದು ಬರೆಯುವುದೇ ಇಂಥ ವರದಿಗಳ ದೊಡ್ಡ ದೋಷ.

ಬಂಡೆಯ ಸಂದು, ಗುಹೆ, ನೀರಿನ ಗುಂಡಿಗಳನ್ನು ನಕ್ಷೆಯಲ್ಲಿ ಗುರುತಿಸಿ. ಚಿರತೆ ಇಂಥ ಸಂದುಗಳಲ್ಲೂ ಮರಿ ಹಾಕುತ್ತದೆ. ಹೆಜ್ಜೆಯಲ್ಲಿ ಉಗುರಿನ ಗುರುತಿದ್ದರೆ ಬಹುತೇಕ ನಾಯಿ ಅಥವಾ ತೋಳ. ಚಿರತೆ ನಡೆಯುವಾಗ ಉಗುರು ಒಳಗಿಟ್ಟಿರುತ್ತದೆ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆದು, ಜಿಪಿಎಸ್ ಮತ್ತು ದಿನಾಂಕ ಬರೆದಿಡಿ. ಬಂಡೆಯಂಚಿನ ಕೆಳಗೆ ಇಲಿಯ ಮೂಳೆ, ಕೂದಲು ತುಂಬಿದ ಉಂಡೆಗಳು ಬಿದ್ದಿದ್ದರೆ ಮೇಲೆ ಗೂಬೆಯ ನೆಲೆ ಇರಬಹುದು. ಚಳಿಗಾಲದಲ್ಲಿ ಅಲ್ಲಿಗೆ ಹತ್ತಬೇಡಿ; ಅದು ಮೊಟ್ಟೆ-ಮರಿಯ ಕಾಲ, ಗೂಬೆ ಗೂಡು ಬಿಟ್ಟುಹೋದೀತು.

ಕ್ಯಾಮೆರಾ ಟ್ರ್ಯಾಪ್ (ಎದುರು ಏನಾದರೂ ಅಲುಗಿದರೆ ತಾನೇ ಚಿತ್ರ ತೆಗೆಯುವ ಕ್ಯಾಮೆರಾ) ಅನ್ನು ಅರಣ್ಯ ಇಲಾಖೆಯ ಮೂಲಕವೇ ಇಡಿಸಿ: ಜಾಡಿನ ಎರಡೂ ಬದಿ, ನೆಲದಿಂದ ಸುಮಾರು 40 ಸೆಂ.ಮೀ. ಎತ್ತರ, ಕನಿಷ್ಠ 30 ರಾತ್ರಿ. ಕ್ಯಾಮೆರಾದ ಮುಂದಿನ ಹುಲ್ಲು ಸವರದಿದ್ದರೆ ಗಾಳಿಗೆ ಖಾಲಿ ಚಿತ್ರಗಳೇ ತುಂಬುತ್ತವೆ.

ಮೇಲುಕೋಟೆ ವನ್ಯಧಾಮವೇ ತೋಳಗಳಿಗೆ ಹೆಸರಾದದ್ದು. ತೋಳ, ಚಿರತೆ ಎರಡೂ 1972ರ ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿವೆ. ಅವುಗಳ ಸಂರಕ್ಷಣಾ ಯೋಜನೆ ವರದಿಯಲ್ಲಿ ಎಲ್ಲಿದೆ ಎಂದು ದಾಖಲೆಸಮೇತ ಲಿಖಿತವಾಗಿ ಕೇಳಿ.