ಖಾಲಿ ಉಳಿದ ಒಂದು ಖಾನೆ

2017ರ ಜನವರಿಯಲ್ಲಿ ಡೆಟ್ರಾಯ್ಟ್‌ನ ಹೊರವಲಯದಿಂದ ಆಪ್ತಸಲಹೆಗೆಂದು ನನ್ನಲ್ಲಿಗೆ ಬಂದ ಕನ್ನಡಿಗ ದಂಪತಿ ರಾಜಕೀಯದ ಮಾತನ್ನು ಮೊದಲಿಗೆ ಎತ್ತಲೇ ಇಲ್ಲ. ಎರಡು ತಿಂಗಳಿನಿಂದ ಮನೆಯಲ್ಲಿ ಮಾತುಕತೆ ನಿಂತಿದೆ, ಊಟಕ್ಕೆ ಒಟ್ಟಿಗೆ ಕೂರುತ್ತಿಲ್ಲ, ರಜೆಗೆ ಬಂದ ಮಗಳು ವಾರ ಮೊದಲೇ ಕಾಲೇಜಿಗೆ ಹೊರಟುಹೋದಳು ಎಂದಷ್ಟೇ ಹೇಳಿಕೊಂಡರು. (ಇಬ್ಬರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಯಸ್ಸು, ಕೆಲಸ ಮುಂತಾದ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.) ಪತಿ ವಾಹನಗಳ ಬಿಡಿಭಾಗ ತಯಾರಿಸುವ ಕಂಪನಿಯಲ್ಲಿ ಎಂಜಿನಿಯರ್, ಪತ್ನಿ ಶಾಲೆಯೊಂದರಲ್ಲಿ ಸಹಾಯಕಿ. ಅರ್ಧ ಗಂಟೆ ಕಳೆದ ಮೇಲೆ ಪತಿ, ಹೆಂಡತಿಯ ಕಡೆ ತಿರುಗದೆ, "ಇವಳಂಥವರು ಸೇರಿಯೇ ಆ ಮನುಷ್ಯನನ್ನು ಗೆಲ್ಲಿಸಿದ್ದು ಮೇಡಂ" ಎಂದರು. ಮಾತು 2016ರ ಅಧ್ಯಕ್ಷೀಯ ಚುನಾವಣೆಯಲ್ಲಿ ಗೆದ್ದ ಡೊನಾಲ್ಡ್ ಟ್ರಂಪ್ ಬಗ್ಗೆ. ಪತ್ನಿ ಕೈಚೀಲದ ಜಿಪ್ಪನ್ನು ಎಳೆದು ಮುಚ್ಚಿ, ಮತ್ತೆ ತೆರೆದರು.

ತಾಯಿ ಬದುಕಿರುವಷ್ಟು ಕಾಲ ಭಾರತದ ಪಾಸ್‌ಪೋರ್ಟ್ ಬಿಟ್ಟುಕೊಡಲು ಮನಸ್ಸಾಗದೆ, ಪತ್ನಿ ಗಂಡನಿಗಿಂತ ಬಹಳ ತಡವಾಗಿ ಅಮೆರಿಕದ ಪೌರತ್ವ ಪಡೆದಿದ್ದರು. ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯನ್ನು ಮತದಾರರೇ ಆರಿಸುವ ಪ್ರೈಮರಿಯಲ್ಲಿ, 2016ರ ಮಾರ್ಚ್ 8ರಂದು, ಅವರು ಈ ದೇಶದ ಮೊದಲ ಮತವನ್ನು ಬರ್ನಿ ಸ್ಯಾಂಡರ್ಸ್‌ಗೆ ಹಾಕಿದರು. ಪತಿ ಹಿಲರಿ ಕ್ಲಿಂಟನ್ ಪರ. ಕ್ಲಿಂಟನ್ ಸುಮಾರು 20 ಶೇಕಡಾಂಶ ಮುಂದಿದ್ದಾರೆಂದು ಸಮೀಕ್ಷೆಗಳು ಹೇಳುತ್ತಿದ್ದರೂ ಈ ದಂಪತಿಯ ರಾಜ್ಯವಾದ ಮಿಶಿಗನ್‌ನಲ್ಲಿ ಸ್ಯಾಂಡರ್ಸ್ ಅಲ್ಪ ಅಂತರದಿಂದ ಗೆದ್ದರು. ಆ ರಾತ್ರಿ ತಾನೊಬ್ಬಳೇ ಅಡುಗೆಮನೆಯಲ್ಲಿ ಸಜ್ಜಿಗೆ ಮಾಡಿಕೊಂಡು ತಿಂದೆ ಎಂದು ಅವರು ಹೇಳಿದಾಗ, ಇಡೀ ಪ್ರಕರಣದಲ್ಲಿ ನನ್ನ ಮನಸ್ಸಿಗೆ ತಟ್ಟಿದ್ದು ಆ "ಒಬ್ಬಳೇ" ಎಂಬ ಮಾತು.

ಹೆಂಡತಿಯದು ವಯಸ್ಸಾದ ನಾಯಕನೊಬ್ಬನ ಮೇಲಿನ ಅಭಿಮಾನವಷ್ಟೇ ಎಂದು ಪತಿ ತಿಳಿದಿದ್ದರು. ಅದು ಹಾಗಿರಲಿಲ್ಲ. 2009ರಲ್ಲಿ ಡೆಟ್ರಾಯ್ಟ್‌ನ ಕಾರು ಕಂಪನಿಗಳು ದಿವಾಳಿಯಾದಾಗ ಪತಿಯ ಕೆಲಸ ಹೋಗಿತ್ತು, ಕೆಲಸದ ಜೊತೆಗೆ ಆರೋಗ್ಯ ವಿಮೆಯೂ ಹೋಗಿತ್ತು. ಅದೇ ವರ್ಷ ಮಗಳಿಗೆ ಅಪೆಂಡಿಸೈಟಿಸ್ ಶಸ್ತ್ರಚಿಕಿತ್ಸೆಯಾಯಿತು. ಆಸ್ಪತ್ರೆಯ ಬಿಲ್ಲನ್ನು ಅವರು ಮೂರು ವರ್ಷ ಕಂತು ಕಟ್ಟಿ ತೀರಿಸಿದ್ದರು. ಎಲ್ಲರಿಗೂ ಸರ್ಕಾರಿ ವಿಮೆ ಎಂಬ ಸ್ಯಾಂಡರ್ಸ್ ಮಾತು ಪತ್ನಿಗೆ ತಲುಪಿದ್ದು ಆ ಬಿಲ್ಲಿನ ಮೂಲಕ. ಫೆಬ್ರುವರಿಯ ಹಿಮದಲ್ಲಿ ಮನೆಮನೆಯ ಬಾಗಿಲು ತಟ್ಟಿ ಪ್ರಚಾರ ಮಾಡುವಾಗಲೂ ಅದರ ಮಡಚಿದ ಪ್ರತಿಯೊಂದು ಕೋಟಿನ ಜೇಬಿನಲ್ಲಿ ಇರುತ್ತಿತ್ತು. ಪತಿಗೆ ಇದು ಗೊತ್ತಾದದ್ದು ನನ್ನ ಕೋಣೆಯಲ್ಲಿ.

ದೇಶದ ಒಟ್ಟು ಪ್ರೈಮರಿಗಳಲ್ಲಿ ಸೋತ ಸ್ಯಾಂಡರ್ಸ್ ಜುಲೈ 12ರಂದು ತಾವೇ ಕ್ಲಿಂಟನ್ ಅವರಿಗೆ ಬೆಂಬಲ ಘೋಷಿಸಿದರು. ಅಷ್ಟರಲ್ಲೇ ಮುಗಿದಿದ್ದರೆ ಪತ್ನಿ ಬಹುಶಃ ಹೊಂದಿಕೊಳ್ಳುತ್ತಿದ್ದರು. ಆದರೆ ಅಭ್ಯರ್ಥಿಯನ್ನು ವಿಧಿವತ್ತಾಗಿ ಘೋಷಿಸುವ ಫಿಲಡೆಲ್ಫಿಯಾ ಸಮಾವೇಶಕ್ಕೆ ಮೂರು ದಿನ ಮೊದಲು ಪಕ್ಷದ ರಾಷ್ಟ್ರೀಯ ಸಮಿತಿಯ ಒಳಗಿನ ಇಮೇಲ್‌ಗಳು ಹೊರಬಿದ್ದು, ಕೆಲವು ಪದಾಧಿಕಾರಿಗಳು ಸ್ಯಾಂಡರ್ಸ್ ವಿರುದ್ಧ ಬರೆದುಕೊಂಡದ್ದು ಬಯಲಾಯಿತು. ಸಮಿತಿಯ ಅಧ್ಯಕ್ಷೆ ಸ್ಥಾನ ಬಿಡಬೇಕಾಯಿತು. ಸೋತೆ ಎನ್ನುವುದನ್ನು ಮನಸ್ಸು ನಿಧಾನವಾಗಿಯಾದರೂ ಒಪ್ಪುತ್ತದೆ, ಮೋಸಹೋದೆ ಎನ್ನುವುದನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಆ ವಾರವೇ ಪತಿ "ಆಯ್ತಲ್ಲ, ಇನ್ನು ಎಲ್ಲರೂ ಒಂದೇ ಪಕ್ಷ ತಾನೇ" ಎಂದು ಹೇಳಿ ಟಿವಿಯ ಸದ್ದು ಹೆಚ್ಚಿಸಿದ್ದರಂತೆ.

ನವೆಂಬರ್ 8ರಂದು ಇಬ್ಬರೂ ಒಂದೇ ಮತಗಟ್ಟೆಗೆ ಹೋದರು. ಆಗ ಮಿಶಿಗನ್‌ನ ಮತಪತ್ರದ ಮೇಲ್ತುದಿಯಲ್ಲಿ ಒಂದೇ ಖಾನೆ ತುಂಬಿ ಪಕ್ಷದ ಎಲ್ಲ ಅಭ್ಯರ್ಥಿಗಳಿಗೂ ಮತ ಹಾಕುವ ಅವಕಾಶವಿತ್ತು. ಪತಿ ಅದನ್ನು ತುಂಬಿ ಬೇಗನೆ ಹೊರಬಂದರು. ಪತ್ನಿ ಆ ಖಾನೆ ಮುಟ್ಟಲಿಲ್ಲ. ಅಮೆರಿಕದ ಸಂಸತ್ತು, ರಾಜ್ಯದ ಶಾಸನಸಭೆ, ರಾಜ್ಯ ಶಿಕ್ಷಣ ಮಂಡಳಿ, ವಿಶ್ವವಿದ್ಯಾಲಯಗಳ ಆಡಳಿತ ಮಂಡಳಿಗಳು, ಕೌಂಟಿ ಎಂದು ಕೆಳಗಿನವರೆಗೂ ಒಂದೊಂದಾಗಿ ಡೆಮಾಕ್ರಟಿಕ್ ಪಕ್ಷದ ಹೆಸರುಗಳನ್ನೇ ಹುಡುಕಿ ತುಂಬಿದರು. ಅಧ್ಯಕ್ಷ ಸ್ಥಾನದ ಖಾನೆಯನ್ನು ಮಾತ್ರ ಖಾಲಿ ಬಿಟ್ಟರು. ಟ್ರಂಪ್ ಆ ರಾಜ್ಯವನ್ನು 10,704 ಮತಗಳಿಂದ ಗೆದ್ದರು. 75 ಸಾವಿರಕ್ಕೂ ಹೆಚ್ಚು ಮತಪತ್ರಗಳಲ್ಲಿ ಅಧ್ಯಕ್ಷ ಸ್ಥಾನಕ್ಕೆ ಯಾವ ಮತವೂ ಎಣಿಕೆಯಾಗಲಿಲ್ಲ. ಈ ಎರಡು ಸಂಖ್ಯೆಗಳು ಪತಿಗೆ ಬಾಯಿಪಾಠವಾಗಿದ್ದವು.

ಇಲ್ಲಿ ನನ್ನ ಮೊದಲ ತಪ್ಪನ್ನು ಹೇಳಬೇಕು. ಮನೆಯಲ್ಲಿ ಒಂದು ತಿಂಗಳು ರಾಜಕೀಯ ಮಾತಾಡಬೇಡಿ ಎಂದು ಸೂಚಿಸಿದ್ದೆ. ಮೊದಲೇ ಮಾತು ಕಳೆದುಕೊಂಡ ಮನೆಗೆ ನಾನು ಕೊಟ್ಟದ್ದು ಇನ್ನಷ್ಟು ಮೌನವನ್ನು. ಮುಂದಿನ ಭೇಟಿಯಲ್ಲಿ ಪತ್ನಿ, "ನಮ್ಮೂರಲ್ಲಾಗಿದ್ರೆ ಟಿಕೆಟ್ ತಪ್ಪಿದವರು ಬಂಡಾಯ ನಿಲ್ತಿದ್ರು ಮೇಡಂ, ನಾವೂ ಹಿಂದೆ ಹೋಗ್ತಿದ್ವಿ. ಇಲ್ಲಿ ನನ್ನ ಪರವಾಗಿ ನಿಲ್ಲೋಕೆ ಯಾರೂ ಉಳೀಲಿಲ್ಲ" ಎಂದರು. ಮಾತು ಸರಿಯಾಗಿತ್ತು. ಪ್ರೈಮರಿಯಲ್ಲಿ ಸೋತವರು ಅದೇ ಚುನಾವಣೆಯಲ್ಲಿ ಪಕ್ಷೇತರರಾಗಿ ನಿಲ್ಲದಂತೆ ಅಮೆರಿಕದ ಹೆಚ್ಚಿನ ರಾಜ್ಯಗಳ ಕಾನೂನುಗಳು ತಡೆಯುತ್ತವೆ. ಕರ್ನಾಟಕದಲ್ಲಿ ಅಭ್ಯರ್ಥಿ ಹೊರುವ ಬಂಡಾಯದ ಭಾರವನ್ನು ಇಲ್ಲಿ ಮತದಾರರು ಒಬ್ಬೊಬ್ಬರಾಗಿ ಹೊರಬೇಕು.

ಮೂರನೆಯ ಭೇಟಿಯಲ್ಲಿ ಪತಿಯನ್ನು ಕೇಳಿದೆ: "2008ರ ಬೇಸಿಗೆಯಲ್ಲಿ ನೀವು ಹೇಗಿದ್ದಿರಿ?" ಆ ವರ್ಷ ಮಿಶಿಗನ್ ಪಕ್ಷದ ನಿಯಮ ಮೀರಿ ಜನವರಿಯಲ್ಲೇ ಪ್ರೈಮರಿ ನಡೆಸಿತ್ತು, ಕ್ಲಿಂಟನ್ ಅವರ ಎದುರಾಳಿಯಾಗಿದ್ದ ಒಬಾಮ ತಮ್ಮ ಹೆಸರನ್ನೇ ಮತಪತ್ರದಿಂದ ಹಿಂತೆಗೆದುಕೊಂಡಿದ್ದರು, ಕ್ಲಿಂಟನ್ ಗೆದ್ದಿದ್ದರು, ಮೇ ಕೊನೆಯಲ್ಲಿ ಪಕ್ಷದ ಸಮಿತಿ ಸಮಾವೇಶದಲ್ಲಿ ಆ ರಾಜ್ಯದ ಪ್ರತಿನಿಧಿಗಳಿಗೆ ತಲಾ ಅರ್ಧ ಮತ ಮಾತ್ರ ಎಂದು ತೀರ್ಮಾನಿಸಿತು. ಪತಿ ಉತ್ತರ ಕೊಡುವ ಮೊದಲೇ ಪತ್ನಿ ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ನಕ್ಕರು. "ಇವರು ಒಂದು ತಿಂಗಳು ನ್ಯೂಸೇ ಹಾಕಿರಲಿಲ್ಲ. ನನ್ನ ಮತ ಅರ್ಧವಂತೆ, ಅರ್ಧ ಅಂತ ಬೈಕೊಂಡು ಓಡಾಡ್ತಿದ್ರು. ಒಬಾಮಗೆ ಹಾಕೋದು ಅಂತ ತೀರ್ಮಾನಿಸಿದ್ದು ಅಕ್ಟೋಬರಲ್ಲಿ. ಅಲ್ಲೀವರೆಗೆ ನಾನೇನಾದ್ರೂ ಅಂದೆನಾ ರೀ?" ಪತಿ ಕನ್ನಡಕ ತೆಗೆದು ಒರೆಸಿದರು. ಆಮೇಲೆ ಪ್ರಕಟವಾದ ದೊಡ್ಡ ಸಮೀಕ್ಷೆಯೊಂದು, 2016ರಲ್ಲಿ ಸ್ಯಾಂಡರ್ಸ್‌ಗೆ ಪ್ರೈಮರಿ ಮತ ಹಾಕಿದವರಲ್ಲಿ ಶೇ. 12ರಷ್ಟು ಮಂದಿ ಟ್ರಂಪ್ ಕಡೆ ಹೋದರೆಂದು ತೋರಿಸಿತು. 2008ರಲ್ಲಿ ಕ್ಲಿಂಟನ್ ಬೆಂಬಲಿಗರಲ್ಲಿ ಇದಕ್ಕಿಂತ ದೊಡ್ಡ ಪಾಲು ರಿಪಬ್ಲಿಕನ್ ಅಭ್ಯರ್ಥಿ ಮೆಕೇನ್ ಕಡೆ ಹೋಗಿತ್ತು. ಅಂದರೆ ಪತಿಯ ಬಣವೂ ಪಕ್ಷನಿಷ್ಠೆಯಲ್ಲಿ ಹೆಚ್ಚು ಗಟ್ಟಿಯಾಗಿರಲಿಲ್ಲ.

ನಾನು ಕೊಟ್ಟ ಸಲಹೆ ಇಬ್ಬರಿಗೂ ಒಂದೇ ಆಗಿರಲಿಲ್ಲ. ಪತಿಗೆ, ಆ ಎರಡು ಸಂಖ್ಯೆಗಳನ್ನು ಹೆಂಡತಿಯ ಮುಂದೆ ಮತ್ತೆ ಹೇಳಕೂಡದೆಂದೂ, ಖಾಲಿ ಬಿಟ್ಟವರೆಲ್ಲ ಸ್ಯಾಂಡರ್ಸ್ ಕಡೆಯವರೆಂದು ಹೇಳಲು ಯಾವ ಆಧಾರವೂ ಇಲ್ಲವೆಂದೂ, ನವೆಂಬರಿನ ಬಗ್ಗೆ ಪ್ರಶ್ನಿಸುವ ಮೊದಲು ಮಾರ್ಚ್ 8ರ ರಾತ್ರಿಯ ಬಗ್ಗೆ ಒಮ್ಮೆ ಪೂರ್ತಿಯಾಗಿ ಕೇಳಿಸಿಕೊಳ್ಳಬೇಕೆಂದೂ ಹೇಳಿದೆ. ಮಿಶಿಗನ್‌ನಲ್ಲಿ ಮತದಾರರು ಪಕ್ಷದ ಹೆಸರಿನಲ್ಲಿ ನೋಂದಾಯಿಸಿಕೊಳ್ಳುವುದೇ ಇಲ್ಲ. ಬರೆದುಕೊಡದ ನಿಷ್ಠೆಯನ್ನು ಸಾಲದಂತೆ ವಸೂಲಿ ಮಾಡಲಾಗುವುದಿಲ್ಲ. ಅಲ್ಲದೆ, ಒಂದು ಖಾನೆ ಬಿಟ್ಟು ಉಳಿದದ್ದನ್ನೆಲ್ಲ ಹುಡುಕಿ ಹುಡುಕಿ ತುಂಬಿದವರನ್ನು ಪಕ್ಷದ್ರೋಹಿ ಎನ್ನುವುದು ನನಗೆ ಸರಿಕಾಣಲಿಲ್ಲ. ಪತ್ನಿಗೆ ಹೇಳಿದ್ದು ಹೆಚ್ಚು ಕಷ್ಟದ್ದು: ನಿಮ್ಮ ದುಃಖ ನಿಜ, ಆದರೆ ಗಂಡನ ಸಿಟ್ಟಿನ ಕೆಳಗೆ ಏನಿದೆಯೆಂದು ನೀವೂ ಕೇಳಿಲ್ಲ. ಫೆಬ್ರುವರಿ 22ರಂದು ಕ್ಯಾನ್ಸಸ್‌ನ ಒಲೇಥದಲ್ಲಿ ಭಾರತೀಯ ಎಂಜಿನಿಯರ್ ಒಬ್ಬರು ಜನಾಂಗದ್ವೇಷದ ಗುಂಡಿಗೆ ಬಲಿಯಾದ ವಾರ ಪತಿ ಕೆಲಸದಿಂದ ಬಂದು ಕಾರಿನಲ್ಲೇ ಇಪ್ಪತ್ತು ನಿಮಿಷ ಕುಳಿತಿದ್ದರು. ಅದನ್ನು ಕಿಟಕಿಯಿಂದ ನೋಡಿದ ಪತ್ನಿ ಚಹಾ ತೆಗೆದುಕೊಂಡು ಹೋಗಿ ಪಕ್ಕದ ಸೀಟಿನಲ್ಲಿ ಕುಳಿತರಂತೆ. ಆ ದಿನದ ಮಾತುಕತೆ ನನ್ನ ಯಾವ ಸಲಹೆಗಿಂತಲೂ ಹೆಚ್ಚು ಕೆಲಸ ಮಾಡಿತು.

ಇಬ್ಬರೂ ಬೇರೆಬೇರೆಯಾಗಿ ನನ್ನ ಮತ ಯಾರಿಗೆ ಬಿದ್ದಿತ್ತೆಂದು ಕೇಳಿದರು. ಹೇಳಲಿಲ್ಲ. ಖಾಲಿ ಬಿಟ್ಟದ್ದು ಸರಿಯೋ ತಪ್ಪೋ ಎಂಬುದನ್ನೂ ಹೇಳಲಿಲ್ಲ. ಪತಿಗೆ ಅದು ಕೊನೆಯವರೆಗೂ ಅಸಮಾಧಾನವೇ.

2020ರ ಏಪ್ರಿಲ್ 8ರಂದು ಸ್ಯಾಂಡರ್ಸ್ ಎರಡನೆಯ ಬಾರಿ ಕಣದಿಂದ ಸರಿದರು. ಮೂರು ದಿನದ ಮೇಲೆ ಪತಿಯಿಂದ ಸಂದೇಶ ಬಂತು: "ನಾನಿನ್ನೂ ಏನೂ ಮಾತಾಡಿಲ್ಲ. ಸಜ್ಜಿಗೆ ಮಾಡಿಕೊಟ್ಟೆ, ಗಂಟಾಯಿತು." ಆ ವರ್ಷದ ಮತಪತ್ರಗಳು ಅಂಚೆಯಲ್ಲಿ ಮನೆಗೇ ಬಂದವು. ಇಬ್ಬರೂ ಊಟದ ಮೇಜಿನ ಎರಡು ತುದಿಗಳಲ್ಲಿ ಕುಳಿತು ತುಂಬಿದರಂತೆ. ಪತ್ನಿ ಬಹಳ ಹೊತ್ತು ತೆಗೆದುಕೊಂಡರು, ಪತಿ ಎದ್ದುಹೋಗಿ ಪಾತ್ರೆ ತೊಳೆದರು. ಅವರೂ ಕೇಳಲಿಲ್ಲವಂತೆ, ನಾನೂ ಕೇಳಲಿಲ್ಲ.