9,000 ಪತ್ರಗಳನ್ನು ಯಂತ್ರಕ್ಕೆ ಓದಿಸಬಹುದಾ?

ಪ್ರಶ್ನೆ: ನಾನು ಧಾರವಾಡದಲ್ಲಿ ಇತಿಹಾಸದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಬರಗಾಲದ ಬಗ್ಗೆ ಜನ ಹಳೆಯ ಪತ್ರಿಕೆಗಳಿಗೆ ಏನೇನು ಬರೆದರು ಅನ್ನುವುದು ನನ್ನ ವಿಷಯ. ಸುಮಾರು 9,000 ಓದುಗರ ಪತ್ರಗಳ ಫೋಟೊ ತೆಗೆದಿಟ್ಟುಕೊಂಡಿದ್ದೇನೆ. ಇಷ್ಟನ್ನೂ ಕಂಪ್ಯೂಟರ್‌ಗೆ ಓದಿಸಬಹುದಾ? ನನಗೆ ಕೋಡಿಂಗ್ ಗೊತ್ತಿಲ್ಲ. ಇದು ಎಂಜಿನಿಯರಿಂಗ್‌ನವರ ಕೆಲಸ, ನಿಮಗ್ಯಾಕೆ ಅಂತಾರೆ ಗೈಡ್.

ಉತ್ತರ: ಓದಿಸಬಹುದು. ಕೋಡಿಂಗ್ ಗೊತ್ತಿಲ್ಲ ಅಂತ ಹೆದರಬೇಡಿ, ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಬಲ್ಲ ಗೆಳೆಯರೊಬ್ಬರು ಜೊತೆಗಿದ್ದರೆ ಆ ಭಾಗ ನಡೆದುಹೋಗುತ್ತದೆ. ನಿಜವಾದ ತೊಡಕು ಇರುವುದು ನಿಮ್ಮ ವಿಷಯದ ಹೆಸರಲ್ಲೇ.

‘ಬರ’ ಅನ್ನುವ ಪದವನ್ನೇ ತಗೊಳ್ಳಿ. ಅದು ಒಂಟಿಯಾಗಿ ಬರುವುದು ಕಡಿಮೆ. ಬರಕ್ಕೆ, ಬರದಿಂದ, ಬರದಲ್ಲಿ, ಬರವೆಂದು ಅಂತ ಬಾಲ ಕಟ್ಟಿಕೊಂಡೇ ಬರುತ್ತದೆ. ಸರಿ, ‘ಬರ’ ಅಂತ ಶುರುವಾಗುವ ಪದಗಳನ್ನೆಲ್ಲ ಹುಡುಕು ಅಂದರೆ ಯಂತ್ರ ‘ಬರಹ’, ‘ಬರಲಿಲ್ಲ’, ‘ಬರಬೇಕು’ ಎಲ್ಲವನ್ನೂ ಬಾಚಿ ತಂದು ಮುಂದೆ ಸುರಿಯುತ್ತದೆ. ಇನ್ನು ‘ಬರದ’ ನೋಡಿ. ‘ಬರದ ವರ್ಷ’ ಅಂದರೆ ಬರಗಾಲದ ವರ್ಷ. ‘ಮಳೆ ಬರದ ವರ್ಷ’ ಅಂದರೆ ಮಳೆ ಬಾರದ ವರ್ಷ. ಮೂರೂ ಅಕ್ಷರ ಅವೇ, ಪದ ಮಾತ್ರ ಬೇರೆ. ಈ ಎರಡೂ ನಿಮಗೆ ಬೇಕು, ‘ಉತ್ತರ ಬರದ ಕಾರಣ ಮತ್ತೆ ಬರೆಯುತ್ತಿದ್ದೇನೆ’ ಅನ್ನುವುದು ಬೇಡ. ಇದನ್ನು ಬಿಡಿಸಲು ಅಕ್ಕಪಕ್ಕದ ಪದ ನೋಡಲೇಬೇಕು. ಇದು ಎಂಜಿನಿಯರಿಂಗ್ ಅಲ್ಲ, ಕನ್ನಡ. ನಿಮ್ಮ ಗೈಡ್‌ಗೆ ದಯವಿಟ್ಟು ಈ ಒಂದು ಪದ ತೋರಿಸಿ.

ಅದಕ್ಕಿಂತ ಮುಂಚೆ ಫೋಟೊಗಳು ಅಕ್ಷರಗಳಾಗಬೇಕು ಅಲ್ವಾ. ಟೆಸರಾಕ್ಟ್‌ನಂಥ ಉಚಿತ ತಂತ್ರಾಂಶ ಕನ್ನಡವನ್ನೂ ಓದುತ್ತದೆ. ಆದರೆ ಹಳೇ ಮೊಳೆ ಅಚ್ಚಿನ ಪುಟದಲ್ಲಿ ಶಾಯಿ ಹರಡಿರುತ್ತದೆ, ದ ಯಾವುದು ಧ ಯಾವುದು ಗೊತ್ತಾಗುವುದಿಲ್ಲ, ಒತ್ತಕ್ಷರ ಕೆಳಗಿನ ಸಾಲಿಗೆ ತಾಗಿರುತ್ತದೆ. ಅರ್ಕಾವೊತ್ತಂತೂ ನೋಡಲು ಒಂಬತ್ತರ ಅಂಕಿಯ ಹಾಗೇ ಇರುತ್ತದೆ. ‘ಕರ್ನಾಟಕ’ ಹೋಗಿ ‘ಕನಾ೯ಟಕ’ ಆಗಿಬಿಡುತ್ತದೆ, ನಮ್ಮ ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಅವು ಎರಡು ಬೇರೆ ಊರು. ಆದ್ದರಿಂದ ಮೊದಲು ಐವತ್ತು ಪುಟ ಓದಿಸಿ, ಮೂಲದ ಜೊತೆ ಸಾಲು ಸಾಲಾಗಿ ಹೋಲಿಸಿ, ಎಲ್ಲೆಲ್ಲಿ ಎಡವುತ್ತದೆ ಅಂತ ಒಂದು ಪಟ್ಟಿ ಮಾಡಿ. ಬೇಸರದ ಕೆಲಸ, ಆದರೆ ಇದನ್ನು ಬಿಟ್ಟು ಮುಂದೆ ಹೋದವರು ಕೊನೆಗೆ ಎಣಿಸುವುದು ತಪ್ಪುಗಳನ್ನೇ.

ಆಮೇಲೆ ಬರುತ್ತದೆ ನಿಜವಾದ ಕಲಿಕೆ. ಒಂದು ಪತ್ರದಲ್ಲಿ ‘ಈ ಸಲವೂ ಮಳೆ ಕೈಕೊಟ್ಟಿತು, ದನಗಳಿಗೆ ಮೇವಿಲ್ಲ’ ಅಂತ ಇದೆ ಅಂದುಕೊಳ್ಳಿ. ಅದರಲ್ಲಿ ಬರ ಅನ್ನುವ ಪದವೇ ಇಲ್ಲ, ಪತ್ರ ಪೂರ್ತಿ ಬರದ್ದೇ. ಇಂಥದ್ದನ್ನು ಹುಡುಕಲು ಪದಪಟ್ಟಿ ಸಾಲದು, ಉದಾಹರಣೆ ಕೊಟ್ಟು ಕಲಿಸಬೇಕು. 9,000ದಲ್ಲಿ ಚೀಟಿ ಎತ್ತಿದ ಹಾಗೆ 400 ಪತ್ರ ಆರಿಸಿ. ನೀವು ಓದಿ ‘ಬರದ್ದು’, ‘ಬರದ್ದಲ್ಲ’ ಅಂತ ಗುರುತು ಹಾಕಿ. ಅವೇ 400ನ್ನು ಇನ್ನೊಬ್ಬರು ನಿಮ್ಮ ಗುರುತು ನೋಡದೆ ಓದಲಿ. ಇಬ್ಬರಿಗೂ ಎಷ್ಟು ಕಡೆ ಹೊಂದುತ್ತದೆ ನೋಡಿ. ಬೆಲೆ ಏರಿಕೆಯ ಪತ್ರದಲ್ಲಿ ಎರಡು ಸಾಲು ಮಳೆ ಬಂದರೆ ಅದು ಬರದ ಪತ್ರವೋ ಅಲ್ಲವೋ? ನಿಮ್ಮಿಬ್ಬರಿಗೇ ಒಮ್ಮತ ಇಲ್ಲದಿದ್ದರೆ ಯಂತ್ರ ಕಲಿಯುವುದಾದರೂ ಏನನ್ನು? ಕೂತು ಜಗಳಾಡಿ, ನಿಯಮ ಬರೆದಿಟ್ಟುಕೊಳ್ಳಿ. ನನ್ನ ಮಟ್ಟಿಗೆ ಇಡೀ ಸಂಶೋಧನೆಯ ಅತಿ ಮುಖ್ಯ ಕೆಲಸ ಆ ಜಗಳವೇ.

300 ಪತ್ರಗಳಿಂದ ಯಂತ್ರಕ್ಕೆ ಕಲಿಸಿ, ಉಳಿದ 100ನ್ನು ಅದರ ಕಣ್ಣಿಗೆ ಬೀಳದಂತೆ ಎತ್ತಿಡಿ, ಕೊನೆಗೆ ಅದರ ಮೇಲೆ ಪರೀಕ್ಷೆ ಮಾಡಿ. ಎರಡು ಲೆಕ್ಕ ಬೇಕು: ಬರದ್ದು ಅಂತ ಅದು ಹೇಳಿದವುಗಳಲ್ಲಿ ಸರಿ ಎಷ್ಟು, ನಿಜವಾಗಿ ಬರದ್ದಾಗಿದ್ದವುಗಳಲ್ಲಿ ಅದು ಬಿಟ್ಟುಬಿಟ್ಟದ್ದು ಎಷ್ಟು. ಎರಡನ್ನೂ ಪ್ರಬಂಧದಲ್ಲಿ ಬರೆಯಿರಿ. ಇನ್ನೊಂದು ಮಾತು, ನಿಮ್ಮ ಹತ್ತಿರ ಇರುವುದು ಅಚ್ಚಾದ ಪತ್ರ ಮಾತ್ರ. ಸಂಪಾದಕರು ಬದಿಗಿಟ್ಟದ್ದು, ಬರೆಯಲು ಬಾರದವರು ಹೇಳಬೇಕೆಂದಿದ್ದದ್ದು ಯಾವ ಯಂತ್ರಕ್ಕೂ ಸಿಗುವುದಿಲ್ಲ.

ಪ್ರಶ್ನೆ: ಮಂಗಳೂರಿನಲ್ಲಿ ಔಷಧ ವಿಜ್ಞಾನ ಓದುತ್ತಿದ್ದೇನೆ. ಪ್ರಬಂಧಗಳ ರಾಶಿಯನ್ನು ಯಂತ್ರಕ್ಕೆ ಕೊಟ್ಟರೆ ಸಾರಾಂಶ ಬರುತ್ತದೆ, ಸರಿ. ಯಾರಿಗೂ ಗೊತ್ತಿಲ್ಲದ ಹೊಸ ವಿಷಯ ಅದರಿಂದ ಸಿಕ್ಕೀತೆ?

ಉತ್ತರ: ಸಿಕ್ಕಿದ್ದುಂಟು, ಅದೂ ಮೊದಲು ಸಿಕ್ಕಿದ್ದು ವೈದ್ಯರಲ್ಲದ ಒಬ್ಬರಿಗೆ. ಶಿಕಾಗೊ ವಿಶ್ವವಿದ್ಯಾಲಯದ ಮಾಹಿತಿ ವಿಜ್ಞಾನಿ ಡಾನ್ ಸ್ವಾನ್ಸನ್ ಎರಡು ಗುಂಪಿನ ಪ್ರಬಂಧಗಳನ್ನು ಓದಿದರು. ಮೀನೆಣ್ಣೆ ರಕ್ತದ ಮಂದತನ ಕಡಿಮೆ ಮಾಡುತ್ತದೆ ಅಂತ ಒಂದು ಗುಂಪು ಹೇಳುತ್ತಿತ್ತು. ಚಳಿಗೆ ಬೆರಳು ಬಿಳಿಚಿಕೊಳ್ಳುವ ರೇನೊ ಕಾಯಿಲೆಯವರಲ್ಲಿ ರಕ್ತ ಮಂದವಾಗಿರುತ್ತದೆ ಅಂತ ಇನ್ನೊಂದು. ಈ ಗುಂಪಿನವರು ಆ ಗುಂಪನ್ನು ಓದುತ್ತಲೇ ಇರಲಿಲ್ಲ. ಹಾಗಾದರೆ ಮೀನೆಣ್ಣೆ ಈ ಕಾಯಿಲೆಗೆ ನೆರವಾಗಬಹುದು ಅಂತ ಅವರು 1986ರಲ್ಲಿ ಬರೆದರು. 1988ರಲ್ಲಿ ಮೈಗ್ರೇನ್ ತಲೆನೋವಿಗೂ ಮೆಗ್ನೀಸಿಯಮ್‌ಗೂ ಇರುವ 11 ನಂಟುಗಳನ್ನು ಇದೇ ದಾರಿಯಲ್ಲಿ ತೋರಿಸಿದರು.

ಅವರು ಹೆಚ್ಚಾಗಿ ಕೈಯಲ್ಲೇ ಮಾಡಿದ್ದನ್ನು ಈಗ ಯಂತ್ರ ಮಾಡುತ್ತದೆ. 2019ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದವರು ವಸ್ತು ವಿಜ್ಞಾನದ 33 ಲಕ್ಷ ಪ್ರಬಂಧ ಸಾರಾಂಶಗಳನ್ನು ಯಂತ್ರಕ್ಕೆ ಕೊಟ್ಟರು. ರಸಾಯನಶಾಸ್ತ್ರ ಕಲಿಸಲಿಲ್ಲ, ಯಾವ ಪದದ ನೆರೆಯಲ್ಲಿ ಯಾವ ಪದ ಬರುತ್ತದೆ ಅಂತ ಮಾತ್ರ ನೋಡಿಸಿದರು. ಅಷ್ಟರಿಂದಲೇ ಅದು ಶಾಖದಿಂದ ವಿದ್ಯುತ್ ತೆಗೆಯಲು ಯಾವ ಯಾವ ವಸ್ತು ನೋಡಬಹುದು ಅಂತ ಸೂಚಿಸಿತು. ಇದು ಬರೀ ಅದೃಷ್ಟವಾ ಅಂತ ತಿಳಿಯಲು ಹಿಂದಿನ ವರ್ಷಗಳ ಸಾರಾಂಶಗಳನ್ನಷ್ಟೇ ಕೊಟ್ಟೂ ನೋಡಿದರು. ಆಗ ಅದು ಹೆಸರಿಸಿದವುಗಳಲ್ಲಿ ಕೆಲವನ್ನು ವಿಜ್ಞಾನಿಗಳು ಮುಂದಿನ ವರ್ಷಗಳಲ್ಲಿ ನಿಜಕ್ಕೂ ಕೈಗೆತ್ತಿಕೊಂಡಿದ್ದರು. ಆದರೂ ಇದು ಸೂಚನೆ ಅಷ್ಟೇ, ಔಷಧ ಅಲ್ಲ. ನಿಮ್ಮ ಕ್ಷೇತ್ರದಲ್ಲಿ ‘ಇ.ಆರ್.’ ಅಂದರೆ ತುರ್ತು ಚಿಕಿತ್ಸಾ ವಿಭಾಗವೂ ಆಗುತ್ತದೆ, ಈಸ್ಟ್ರೋಜನ್ ಹಾರ್ಮೋನಿನ ಗ್ರಾಹಕವೂ ಆಗುತ್ತದೆ. ‘ಜ್ವರ ಇಲ್ಲ’ ಅಂತ ಬರೆದ ಟಿಪ್ಪಣಿಯನ್ನು ಸುಮ್ನೆ ಪದ ಎಣಿಸುವ ಯಂತ್ರ ಜ್ವರದ ಲೆಕ್ಕಕ್ಕೆ ಸೇರಿಸುತ್ತದೆ. ಅದು ಕೊಟ್ಟ ಪ್ರತಿ ನಂಟಿಗೂ ಹಿಂದಿನ ಪ್ರಬಂಧವನ್ನು ತೆರೆದು ನೀವೇ ಓದಿ.

ಪ್ರಶ್ನೆ: ಮುರಿದ ಶಾಸನಗಳ ಕಳೆದುಹೋದ ಅಕ್ಷರಗಳನ್ನು ಎಐ ತುಂಬುತ್ತದಂತೆ, ನಿಜವೇ? (ಮೈಸೂರಿನ ನಿವೃತ್ತ ಶಿಕ್ಷಕರು)

ಉತ್ತರ: ನಿಜ ಸಾರ್, ಗ್ರೀಕ್ ಶಾಸನಗಳಲ್ಲಿ. ಗೂಗಲ್ ಬಳಗದ ಎಐ ಸಂಸ್ಥೆ ಡೀಪ್‌ಮೈಂಡ್ ಮತ್ತು ಕೆಲವು ವಿಶ್ವವಿದ್ಯಾಲಯದವರು ಸೇರಿ 2022ರಲ್ಲಿ ‘ಇಥಾಕಾ’ ಅನ್ನುವ ಎಐಯನ್ನು ಹೊರತಂದರು. ಗೊತ್ತಿರುವ ಅಕ್ಷರಗಳನ್ನೇ ಮುಚ್ಚಿಟ್ಟು ಪರೀಕ್ಷೆ ಮಾಡಿದಾಗ ಇತಿಹಾಸಕಾರರು ತಾವೇ ತುಂಬಿದ್ದು ಶೇ. 25ರಷ್ಟು ಸರಿ, ಯಂತ್ರ ಒಂದೇ ತುಂಬಿದ್ದು ಶೇ. 62, ಯಂತ್ರವನ್ನು ಪಕ್ಕದಲ್ಲಿಟ್ಟುಕೊಂಡು ಇತಿಹಾಸಕಾರರು ತುಂಬಿದ್ದು ಶೇ. 72. ಆ ಕೊನೆಯ ಅಂಕಿ ನೋಡಿ ನನಗೆ ತುಂಬಾ ಖುಷಿಯಾಯಿತು.

ನಮ್ಮಲ್ಲೂ ಸಾಮಗ್ರಿಗೆ ಬರ ಇಲ್ಲ, ನಮ್ಮ ಶಾಸನಗಳ ಸಂಗ್ರಹವಾದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಮೊದಲ ಸಂಪುಟ 1886ರಲ್ಲೇ ಬಂತು. ಆದರೆ ಇವತ್ತಿನ ಸುದ್ದಿ ಮತ್ತು ವಿಕಿಪೀಡಿಯದಿಂದ ಕನ್ನಡ ಕಲಿತ ಯಂತ್ರಕ್ಕೆ ಱ, ೞ ಇರುವ ಹಳಗನ್ನಡ ಪರಭಾಷೆ ಇದ್ದ ಹಾಗೆ. ಶಾಸನಗಳನ್ನೇ ಕೊಟ್ಟು ಕಲಿಸಬೇಕು. ಕಲಿಸಿದರೆ ‘ಸ್ವಸ್ತಿ ಶ್ರೀ’, ‘ಸ್ವದತ್ತಾಂ ಪರದತ್ತಾಂ ವಾ’ದಂಥ ಮತ್ತೆ ಮತ್ತೆ ಬರುವ ಸಾಲುಗಳನ್ನು ಅದು ಚೆನ್ನಾಗಿಯೇ ತುಂಬೀತು. ಊರಿನ ಹೆಸರು, ದಾನ ಪಡೆದವರ ಹೆಸರು ಒಂದೇ ಕಲ್ಲಿನಲ್ಲಿ ಒಂದೇ ಸಲ ಬರುವಂಥದ್ದು. ಅಲ್ಲಿ ಅದು ಹೇಳುವುದು ಬೇರೆ ಕಲ್ಲುಗಳಲ್ಲಿ ಜಾಸ್ತಿ ಕಂಡ ಹೆಸರನ್ನು. ತುಂಬಿದ ಅಕ್ಷರಗಳನ್ನು ಚೌಕ ಕಂಸದಲ್ಲಿ, ಯಂತ್ರದ ಊಹೆ ಅಂತ ಬೇರೆಯದೇ ಗುರುತು ಹಾಕಿ ಅಚ್ಚು ಮಾಡಲಿ. ಹೆಸರು ಒಡೆದುಹೋದ ಜಾಗ ಖಾಲಿಯೇ ಇರಲಿ.