ಲಿಬ್‌ಅಸೌಂಡ್2 ಎಲ್ಲಿ ಹೋಯ್ತು?

ಪ್ರಶ್ನೆ: ಲ್ಯಾಪ್‌ಟಾಪಿಗೆ ಹೊಸದಾಗಿ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯಾದ ಉಬುಂಟು 24.04 ಹಾಕಿಕೊಂಡೆ. ಭಜನೆ ರೆಕಾರ್ಡ್ ಮಾಡಲು ಬಳಸುವ ಹಳೇ ತಂತ್ರಾಂಶಕ್ಕೆ ‘ಲಿಬ್‌ಅಸೌಂಡ್2’ ಅನ್ನೋ ಧ್ವನಿ ಲೈಬ್ರರಿ (ಬೇರೆ ತಂತ್ರಾಂಶಗಳು ಬಳಸಿಕೊಳ್ಳುವ ಸಿದ್ಧ ಕೋಡು) ಬೇಕಂತೆ. ಟರ್ಮಿನಲ್‌ನಲ್ಲಿ ಕೇಳಿದರೆ ‘ನೋ ಇನ್‌ಸ್ಟಾಲೇಶನ್ ಕ್ಯಾಂಡಿಡೇಟ್’ ಅನ್ನುತ್ತದೆ. ಹಳೇ ಉಬುಂಟು 22.04ರ ಡೆಬ್ ಫೈಲ್ (ತಂತ್ರಾಂಶದ ಪ್ಯಾಕೇಜು) ಇಳಿಸಿ ಬಲವಂತವಾಗಿ ಹಾಕು ಅಂತ ಗೆಳೆಯರ ಸಲಹೆ. ಹಾಕಲೇ?
– ಓದುಗರು, ಶಿರಸಿ

ಉತ್ತರ: ದಯವಿಟ್ಟು ಹಾಕಬೇಡಿ. ನಿಮ್ಮ ಲೈಬ್ರರಿ ಎಲ್ಲೂ ಹೋಗಿಲ್ಲ, ಹೆಸರು ಬದಲಾಗಿದೆ ಅಷ್ಟೆ. ಈಗ ಅದು ‘ಲಿಬ್‌ಅಸೌಂಡ್2ಟಿ64’.

ಈ ಬಾಲ ಯಾಕೆ ಬಂತು ಅಂದ್ರೆ, ಲಿನಕ್ಸ್ ಕಂಪ್ಯೂಟರು 1970ರ ಜನವರಿ 1ರಿಂದ ಸೆಕೆಂಡು ಎಣಿಸುತ್ತಾ ಬಂದಿದೆ. 32 ಬಿಟ್ ಜಾಗದಲ್ಲಿ ಆ ಲೆಕ್ಕ 2038ರ ಜನವರಿ 19ಕ್ಕೆ, ನಮ್ಮ ಸಮಯ ಬೆಳಿಗ್ಗೆ 8 ಗಂಟೆ 44 ನಿಮಿಷಕ್ಕೆ ತುಂಬಿಹೋಗುತ್ತದೆ. ಅದಕ್ಕೇ ಡೆಬಿಯನ್ (ಉಬುಂಟುವಿಗೆ ಮೂಲವಾದ ಲಿನಕ್ಸ್) ಮತ್ತು ಉಬುಂಟು ಮಂದಿ ಸಮಯವನ್ನು 64 ಬಿಟ್‌ಗೆ ಏರಿಸಿ, ಅದರಿಂದ ಬದಲಾದ ಲೈಬ್ರರಿಗಳ ಹೆಸರಿಗೆಲ್ಲ ‘ಟಿ64’ ಸೇರಿಸಿದರು. ನಿಮ್ಮದು 64 ಬಿಟ್ ಲ್ಯಾಪ್‌ಟಾಪ್ ಆಗಿದ್ದರೆ ಸಮಯದ ಲೆಕ್ಕ ಮೊದಲೇ ಸರಿ ಇತ್ತು, ಹೆಸರು ಮಾತ್ರ ಹೊಸದು.

ಟರ್ಮಿನಲ್‌ನಲ್ಲಿ ಆ ‘ನೋ ಇನ್‌ಸ್ಟಾಲೇಶನ್ ಕ್ಯಾಂಡಿಡೇಟ್’ ಸಾಲಿಗಿಂತ ಮೇಲಿರುವ ಸಾಲುಗಳನ್ನು ಇನ್ನೊಮ್ಮೆ ನೋಡಿ. ಎರಡು ಹೆಸರು ಕಾಣುತ್ತವೆ. ‘ಒಎಸ್‌ಎಸ್4’ ಅಂತ ಇರುವುದು ಬೇರೆಯೇ ಧ್ವನಿ ವ್ಯವಸ್ಥೆಯವರಿಗೆ, ಅದನ್ನು ಮುಟ್ಟಬೇಡಿ. ನಿಮಗೆ ಬೇಕಾದದ್ದು ಟಿ64. ‘ಸುಡೋ ಆಪ್ಟ್ ಇನ್‌ಸ್ಟಾಲ್’ ಅಂತ ಬರೆದು ಆ ಹೆಸರು ಕೊಡಿ. ಆಮೇಲೆ ನಿಮ್ಮ ತಂತ್ರಾಂಶದ ಡೆಬ್ ಫೈಲನ್ನೂ ಆಪ್ಟ್‌ನಿಂದಲೇ (ತಂತ್ರಾಂಶ ಹಾಕುವ, ತೆಗೆಯುವ ಆದೇಶ) ಹಾಕಿ, ಫೈಲ್ ಹೆಸರು ಶುರುವಾಗುವ ಮೊದಲು ಚುಕ್ಕಿ ಮತ್ತು ಓರೆಗೆರೆ ಇರಲಿ, ಇಲ್ಲದಿದ್ದರೆ ಆಪ್ಟ್ ಅದನ್ನು ಉಬುಂಟು ಭಂಡಾರದಲ್ಲಿ ಹುಡುಕುತ್ತಾ ಹೋಗುತ್ತದೆ. ‘ಲಿಬ್‌ಅಸೌಂಡ್2 ಕೊಡುವವನು ನಾನೇ’ ಅಂತ ಟಿ64 ಪ್ಯಾಕೇಜು ಹೇಳಿಕೊಳ್ಳುವುದರಿಂದ ಹಳೇ ತಂತ್ರಾಂಶವೂ ಸಾಮಾನ್ಯವಾಗಿ ಒಪ್ಪುತ್ತದೆ.

ಒಂದು ಮಾತು ಮಾತ್ರ ಮರೀಬೇಡಿ. ಆಡಿಯೋ ಲೈಬ್ರರಿ ತೆಗೆಯುವಾಗಲಾಗಲೀ ಹಾಕುವಾಗಲಾಗಲೀ ಮೊದಲು ಅದೇ ಆದೇಶಕ್ಕೆ ‘ಡ್ಯಾಶ್ ಎಸ್’ ಸೇರಿಸಿ ನೋಡಿ. ಆಗ ಏನೂ ಬದಲಾಗುವುದಿಲ್ಲ, ಏನಾಗಬಹುದು ಅನ್ನೋದನ್ನು ಸಾಲು ಸಾಲಾಗಿ ತೋರಿಸುತ್ತದೆ. ‘ಇನ್‌ಸ್ಟ್’ ಅಂತ ಶುರುವಾದರೆ ಹಾಕುತ್ತದೆ, ‘ರೆಮ್‌ವ್’ ಅಂದರೆ ತೆಗೆಯುತ್ತದೆ. ನಾನೊಮ್ಮೆ ಹಳೇ ಲೈಬ್ರರಿ ತೆಗೆದು ಮತ್ತೆ ಹಾಕೋಣ ಅಂತ ಹೊರಟು, ಎದುರಿಗಿದ್ದ ಉದ್ದದ ಪಟ್ಟಿ ಓದದೆ ‘ವೈ’ ಒತ್ತಿಬಿಟ್ಟೆ. ಹಾಡು ಕೇಳುವ ಪ್ಲೇಯರ್, ಬ್ರೌಸರ್, ಡೆಸ್ಕ್‌ಟಾಪಿನ ಎಷ್ಟೋ ಭಾಗ ಜೊತೆಗೇ ಹೋಯಿತು. ‘ವಾರ್’, ‘ಲಾಗ್’, ‘ಆಪ್ಟ್’ ಫೋಲ್ಡರುಗಳ ಒಳಗೆ ‘ಹಿಸ್ಟರಿ ಡಾಟ್ ಲಾಗ್’ ಅನ್ನೋ ಫೈಲಿದೆ, ಅದರಲ್ಲಿ ‘ರಿಮೂವ್’ ಸಾಲು ಹುಡುಕಿ ಒಂದೊಂದೇ ಹೆಸರು ವಾಪಸ್ ಹಾಕುವಷ್ಟರಲ್ಲಿ ರಾತ್ರಿಯೇ ಕಳೆದಿತ್ತು.

ಎಲ್ಲ ಆದ ಮೇಲೆ ಧ್ವನಿ ರೆಕಾರ್ಡ್ ಮಾಡುವ ‘ಎರೆಕಾರ್ಡ್’ ಆದೇಶಕ್ಕೆ ‘ಡ್ಯಾಶ್ ಎಲ್’ ಸೇರಿಸಿ ಓಡಿಸಿ. ನಿಮ್ಮ ಮೈಕು ಪಟ್ಟಿಯಲ್ಲಿ ಕಂಡರೆ ಭಜನೆ ಶುರು ಮಾಡಬಹುದು.

ಪ್ರಶ್ನೆ: ಸೋರ್ಸ್ ಕೋಡಿನಿಂದ ಕಂಪೈಲ್ ಮಾಡುವಾಗ ‘ಅಸೌಂಡ್‌ಲಿಬ್ ಡಾಟ್ ಎಚ್’ ಅನ್ನೋ ಫೈಲು ಸಿಗ್ತಿಲ್ಲ ಅನ್ನುತ್ತದೆ. ಟಿ64 ಹಾಕಿ ಆಗಿದೆಯಲ್ಲ?
– ಓದುಗರು, ಮೈಸೂರು

ಉತ್ತರ: ಟಿ64 ತಂತ್ರಾಂಶ ಓಡಿಸಲು ಸಾಕು, ಕಂಪೈಲ್ ಮಾಡಿ ಕಟ್ಟಲು ಸಾಲದು. ‘ಲಿಬ್‌ಅಸೌಂಡ್2-ಡೆವ್’ ಹಾಕಿ. ಇದಕ್ಕೆ ಟಿ64 ಬಾಲ ಇಲ್ಲ, ಹಳೇ ಹೆಸರೇ ಇದೆ.